'ಗೊತ್ತಾಗ್ತಿಲ್ಲ' ಅನ್ನೋಕೆ ಎರಡು ದಿನ

ಹೋದ ತಿಂಗಳು ಕಾಲೇಜಿಗೆ ಬಂದಾಗ ಕ್ಯಾಂಟೀನಿನಲ್ಲಿ ಸಿಕ್ಕ ಜೂನಿಯರ್‌ಗಳೆಲ್ಲ ಕೇಳಿದ್ದು ಎರಡೇ ಪ್ರಶ್ನೆ: "ಅಣ್ಣ, ಸ್ಟೈಪೆಂಡ್ ಎಷ್ಟು? ಕನ್ವರ್ಟ್ ಮಾಡ್ಕೊಂಡ್ರಾ?"

ಅದನ್ನ ಮೊದಲು ಮುಗಿಸಿಬಿಡ್ತೀನಿ. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ವರ್ಷ ಗ್ರಾಜುಯೇಟ್ ಅಪ್ರೆಂಟಿಸ್ ಆಗಿದ್ದೆ. ಪಿಜಿ ಬಾಡಿಗೆ, ಬಸ್ ಪಾಸು, ಊಟ ಇಷ್ಟಕ್ಕೇ ದುಡ್ಡು ಖಾಲಿ. ಕನ್ವರ್ಟ್ ಮಾಡ್ಕೊಳ್ಳಲಿಲ್ಲ. ಬೇಜಾರಾಯ್ತು, ಆದರೆ ಮೋಸ ಅಂತ ಹೇಳೋಕಾಗಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದ್ರೆ ತರಬೇತಿ ಪಡೆಯುವವನು, ಕೆಲಸಗಾರ ಅಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಟ್ಟೇ ಕೊಡ್ತಾರೆ ಅನ್ನೋ ಖಾತ್ರಿ ಅದರಲ್ಲಿಲ್ಲ. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಮಾಡಿದ್ದರು. ನ್ಯಾಟ್ಸ್ ಯೋಜನೆಯಲ್ಲಿ ಆ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರವೇ ಭರಿಸುತ್ತದೆ. ಸೇರುವ ಮುಂಚೆ ಇದನ್ನೆಲ್ಲ ಓದಿಕೊಳ್ಳಿ, ನನ್ನ ಹಾಗೆ ಕೊನೇ ತಿಂಗಳಲ್ಲಿ ಓದಬೇಡಿ.

ಈಗ ಯಾರೂ ಕೇಳದೇ ಇದ್ದ ವಿಷಯಕ್ಕೆ ಬರ್ತೀನಿ.

ಮೊದಲ ಮೂರು ವಾರ ನಾನು ಮಾಡಿದ್ದು ಎಕ್ಸೆಲ್ ಶೀಟ್ ತುಂಬುವ ಕೆಲಸ. ಎಲ್ಲರನ್ನೂ 'ಸರ್', 'ಮೇಡಂ' ಅಂತಿದ್ದೆ, ಅವರು 'ಹೆಸರು ಹಿಡಿದು ಕರಿ' ಅಂತಿದ್ರು. ನಾಲಿಗೆ ಹೊರಳುತ್ತಿರಲಿಲ್ಲ, ಹಾಗಾಗಿ ಯಾರನ್ನೂ ಕರೆಯದೇ ಕೆಲಸ ಸಾಗಿಸಿದೆ. ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ನನ್ನ ಸರದಿಗೆ ಎರಡು ವಾಕ್ಯ ಇಂಗ್ಲಿಷ್ ಬೇಕಿತ್ತು. ಅದನ್ನ ಬಸ್ಸಿನಲ್ಲೇ ಬಾಯಿಪಾಠ ಮಾಡ್ಕೊಂಡು ಹೋಗ್ತಿದ್ದೆ.

ನಾಲ್ಕನೇ ವಾರ, ಒಂದು ಸೋಮವಾರ, ಯಾರೂ ಎತ್ತಿಕೊಳ್ಳದ ಟಿಕೆಟ್ ಒಂದು ನನಗೆ ಬಂತು. ನಮ್ಮ ಕ್ಲೈಂಟ್ ಸಾಲ-ಉಳಿತಾಯ ನಡೆಸುವ ಒಂದು ಸಂಸ್ಥೆ. ಆಗಷ್ಟೇ ಕಂತಿನ ರಸೀದಿಯನ್ನು ಕನ್ನಡದಲ್ಲಿ ಕೊಡೋಕೆ ಶುರು ಮಾಡಿದ್ದರು. ಕೆಲವರ ಹೆಸರು ಅರ್ಧ ಬರ್ತಿದೆ ಅಂತ ದೂರು. ಟೆಸ್ಟಿಂಗ್‌ನವರು 'ನಮ್ಮಲ್ಲಿ ಸರಿ ಬರ್ತಿದೆ' ಅಂತ ಬರೆದು ವಾಪಸ್ ಕಳಿಸಿದ್ದರು. ಸರಿ ಬರದೇ ಇನ್ನೇನು? ಅವರು ಟೆಸ್ಟ್ ಮಾಡಿದ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು.

ಉದಾಹರಣೆಗೆ ಲಕ್ಷ್ಮೀದೇವಮ್ಮ ಅನ್ನೋ ಹೆಸರು ತಗೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ 14 ಅಕ್ಷರ, 14 ಬೈಟ್. ಕನ್ನಡದಲ್ಲಿ ಬರೆದರೆ ಕಣ್ಣಿಗೆ ಐದೇ ಅಕ್ಷರ ಕಾಣುತ್ತೆ. ಆದರೆ ಯೂನಿಕೋಡ್ ಕಣ್ಣಿನಿಂದ ಎಣಿಸಲ್ಲ. ವ್ಯಂಜನ, ಒತ್ತು ಕೊಡುವ ವಿರಾಮ ಚಿಹ್ನೆ, ಸ್ವರ ಚಿಹ್ನೆ ಎಲ್ಲ ಬೇರೆ ಬೇರೆ. 'ಕ್ಷ್ಮೀ' ಒಂದಕ್ಕೇ ಆರು. ಇಡೀ ಹೆಸರಿಗೆ 13. ಯುಟಿಎಫ್-8ನಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಅಂದ್ರೆ 39. ನಮ್ಮ ಡೇಟಾಬೇಸ್‌ನಲ್ಲಿ ಹೆಸರಿನ ಕಾಲಂಗೆ ಇದ್ದದ್ದು 30. ಅಕ್ಷರ ಅಲ್ಲ, ಬೈಟ್. ಎರರ್ ಬರಬಾರದು ಅಂತ ಯಾರೋ ಯಾವ ಕಾಲದಲ್ಲೋ 30ಕ್ಕಿಂತ ಹೆಚ್ಚಾದ್ದನ್ನು ಕತ್ತರಿಸುವ ಒಂದು ಸಾಲು ಬರೆದಿದ್ದರು. ಕತ್ತರಿಸಿದರೆ ಉಳಿಯೋದೇನು? ಲಕ್ಷ್ಮೀದೇವ. ಹೆಂಗಸು ಹೋಗಿ ಗಂಡಸು ಆಗೋಯ್ತು.

ಆಫೀಸಿನಲ್ಲಿ ಇದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಟಿಕೆಟ್‌ನ ಕೆಳಗಡೆ ಬ್ರಾಂಚಿನವರು ಬರೆದಿದ್ದ ಟಿಪ್ಪಣಿಯನ್ನು ಆಮೇಲೆ ಓದಿದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ರಸೀದಿಯಲ್ಲಿ ಇನ್ನೊಂದು ಇದ್ದುದಕ್ಕೆ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ ಅಂತ ಒಬ್ಬ ಹೆಂಗಸನ್ನ ವಾಪಸ್ ಕಳಿಸಿದ್ದರು. ತಾಲ್ಲೂಕು ಕಚೇರಿ ಮುಂದೆ ನೋಟರಿಗೆ ದುಡ್ಡು ಕೊಟ್ಟು ನಿಲ್ಲೋದು ಅಂದ್ರೇನು ಅಂತ ನಮ್ಮಲ್ಲಿ ಹಳ್ಳಿ ಕಡೆಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. ಆಯಮ್ಮನಿಗೆ ಒಂದು ದಿನದ ಕೂಲಿಯೂ ಹೋಗಿರುತ್ತೆ.

ಹೆಸರು ಕತ್ತರಿಸ್ತಾ ಇದೆ ಅಂತ ನನಗೆ ಸೋಮವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಹೆಸರುಗಳನ್ನ ಓದಿದ್ರೆ ಸಾಕು, ಕನ್ನಡ ಬರೋ ಯಾರಿಗಾದ್ರೂ ಕಾಣುತ್ತೆ. ಎಲ್ಲಿ ಕತ್ತರಿಸ್ತಿದೆ ಅನ್ನೋದು ಗೊತ್ತಾಗಲಿಲ್ಲ. ಹಳೇ ಕೋಡ್, ಐದಾರು ಪದರ, ಯಾರು ಬರೆದದ್ದೋ. ಮಂಗಳವಾರ ಸ್ಟ್ಯಾಂಡಪ್‌ನಲ್ಲಿ 'ಲುಕಿಂಗ್ ಇನ್‌ಟು ಇಟ್' ಅಂದೆ. ಬುಧವಾರ 'ಆಲ್ಮೋಸ್ಟ್ ಡನ್' ಅಂದೆ. ಡನ್ ಏನೂ ಇರಲಿಲ್ಲ.

ಬುಧವಾರ ಸಂಜೆ ಟೀಮಿನ ಸೀನಿಯರ್ ಒಬ್ಬರು, ಬಳ್ಳಾರಿ ಕಡೆಯವರು, ಕುರ್ಚಿ ಎಳ್ಕೊಂಡು ಪಕ್ಕ ಕೂತರು. "ಎಲ್ಲಿ ಸಿಕ್ಕಾಕ್ಕೊಂಡೀಯಪ್ಪ?" ಅಂದ್ರು. ಕನ್ನಡದಲ್ಲಿ ಎರಡು ನಿಮಿಷದಲ್ಲಿ ಎಲ್ಲ ಹೇಳಿದೆ. ಅವರು ಆ ಸಾಲನ್ನು ಹುಡುಕೋಕೆ ಹತ್ತು ನಿಮಿಷ ತಗೊಂಡರು. "ಇಷ್ಟು ಗೊತ್ತಿತ್ತಲ್ಲ, ಸೋಮವಾರವೇ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಬೈಯಲಿಲ್ಲ ಅವರು. ಆದರೆ ಆ ಎರಡು ದಿನವೂ ಹೊಸ ಹೆಸರುಗಳು ಕತ್ತರಿಸಿಕೊಂಡೇ ಡೇಟಾಬೇಸ್‌ಗೆ ಸೇರ್ತಾ ಇದ್ದವು. ಕಾಲಂ ದೊಡ್ಡದು ಮಾಡಿದರೂ ಕತ್ತರಿಸಿ ಬಿಸಾಕಿದ್ದು ತಾನಾಗೇ ವಾಪಸ್ ಬರಲ್ಲ. ಬ್ರಾಂಚಿನವರು ಒಂದೊಂದಾಗಿ ಮತ್ತೆ ಟೈಪ್ ಮಾಡಿದರು.

ಇಂಗ್ಲಿಷಿನ ಮೇಲೆ ತಪ್ಪು ಹಾಕೋದು ಸುಲಭ. ಸ್ವಲ್ಪ ನಿಜವೂ ಹೌದು. ಆದರೆ ಚಾಟ್‌ನಲ್ಲಿ ಟೈಪ್ ಮಾಡಬಹುದಿತ್ತಲ್ಲ? ಬಳ್ಳಾರಿಯವರು ಅಂತ ಗೊತ್ತಿತ್ತು, ಎದ್ದು ಹೋಗಿ ಕೇಳಬಹುದಿತ್ತಲ್ಲ? ನನ್ನ ಅಭಿಪ್ರಾಯ ಏನಂದ್ರೆ, ಬಾಯಿ ಕಟ್ಟಿದ್ದು ಭಾಷೆಗಿಂತ ಹೆಚ್ಚಾಗಿ ನಾಲ್ಕು ವರ್ಷ ಇಲ್ಲಿ ಕಲಿತ ಅಭ್ಯಾಸ. ವೈವಾದಲ್ಲಿ 'ಗೊತ್ತಿಲ್ಲ ಸರ್' ಅಂದ್ರೆ ಮಾರ್ಕ್ಸ್ ಹೋಯ್ತು, ಏನಾದ್ರೂ ಬೊಗಳೆ ಬಿಟ್ರೆ ಅರ್ಧ ಮಾರ್ಕ್ಸಾದ್ರೂ ಬಂತು. ಲ್ಯಾಬಿನಲ್ಲಿ ಪ್ರೋಗ್ರಾಂ ಓಡದಿದ್ರೆ ಪಕ್ಕದವನ ಔಟ್‌ಪುಟ್ ನೋಡಿ ರೆಕಾರ್ಡ್ ಬರೆದುಬಿಡ್ತೀವಿ. ಓಡಲಿಲ್ಲ, ಯಾಕೆ ಓಡಲಿಲ್ಲ ಅಂತ ಬರೆಯೋಕೆ ರೆಕಾರ್ಡ್‌ನಲ್ಲಿ ಜಾಗವೇ ಇಲ್ಲ. ನಮ್ಮ ಮೇಷ್ಟ್ರುಗಳು ಇದನ್ನ ಓದ್ತಾರೆ ಅಂತ ಗೊತ್ತಿದ್ದೇ ಬರೀತಿದೀನಿ. ಓಡದ ಪ್ರೋಗ್ರಾಂಗೂ, ಎಲ್ಲಿ ನಿಂತಿತು ಅಂತ ಸರಿಯಾಗಿ ಹೇಳಿದವರಿಗೆ ನಾಲ್ಕು ಮಾರ್ಕ್ಸ್ ಇಡಿ ಸರ್. ಆಫೀಸಿನಲ್ಲಿ ಅಪ್ರೆಂಟಿಸ್ 'ಗೊತ್ತಾಗ್ತಿಲ್ಲ' ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಎರಡು ವರ್ಷ ಅನುಭವ ಆದ ಮೇಲೆ ಅಷ್ಟು ಸುಲಭವಾಗಿ ಅನ್ನೋಕಾಗಲ್ಲ. ಆ ಒಂದು ವರ್ಷದ ಸೌಲಭ್ಯವನ್ನ ನಾವು ಸುಮ್ಮನೆ ಕೂತು ಹಾಳು ಮಾಡ್ಕೊಳ್ತೀವಿ.

ಪೂರ್ತಿ ತಪ್ಪು ನಮ್ಮದೂ ಅಲ್ಲ. ನನ್ನ ಜೊತೆ ಸೇರಿದ ಇನ್ನೊಬ್ಬ ಅಪ್ರೆಂಟಿಸ್‌ಗೆ ಹೀಗೆ ಕುರ್ಚಿ ಎಳ್ಕೊಂಡು ಕೂರೋರು ಯಾರೂ ಸಿಗಲಿಲ್ಲ. ಅವನು ವರ್ಷಪೂರ್ತಿ ಎಕ್ಸೆಲ್ ತುಂಬಿದ. ಕೊನೆಗೆ ಇಬ್ಬರಿಗೂ ಒಂದೇ ಥರದ ಸರ್ಟಿಫಿಕೇಟ್ ಕೊಟ್ಟರು. ಅಂಥ ಕಡೆ ಅಪ್ರೆಂಟಿಸ್ ಅಂದ್ರೆ ಕಡಿಮೆ ಕೂಲಿಯ ಕೈ ಅಷ್ಟೇ. ಇನ್ನು ನಿಮ್ಮಿಂದಲೇ ಫೀಸ್ ತಗೊಂಡು, ನಾಲ್ಕು ರೆಕಾರ್ಡೆಡ್ ವಿಡಿಯೋ ಕಳಿಸಿ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡೋರು ಇದ್ದಾರಲ್ಲ, ಅವರ ಬಗ್ಗೆ ಒಂದೇ ಮಾತು: ಆ ದುಡ್ಡಲ್ಲಿ ಟ್ರಿಪ್‌ಗೆ ಹೋಗಿ.

ಆಫರ್ ಬಂದಾಗ ಸ್ಟೈಪೆಂಡ್ ಕೇಳಿ, ತಪ್ಪೇನಿಲ್ಲ. ಅದರ ಜೊತೆ 'ನಾನು ಬರೆದ ಕೋಡನ್ನು ಯಾರು ನೋಡ್ತಾರೆ?' ಅಂತಲೂ ಕೇಳಿ. ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ನಾನು ಹೋದ ಮೂರು ಇಂಟರ್ವ್ಯೂಗಳಲ್ಲೂ ಇದನ್ನ ಕೇಳಿದೆ. ಒಂದು ಕಡೆ ನಕ್ಕರು. ಇನ್ನೊಂದು ಕಡೆ 'ನಮ್ಮಲ್ಲಿ ಪ್ರೊಸೆಸ್ ಇದೆ' ಅಂದ್ರು. ಮೂರನೇ ಕಡೆ, ಟೇಬಲ್ಲಿನ ಆ ಬದಿಯಲ್ಲಿ ಕೂತಿದ್ದವರು "ನಾನೇ ನೋಡೋದು, ಯಾಕೆ?" ಅಂದ್ರು. ಈಗ ಅಲ್ಲೇ ಇದ್ದೀನಿ.