ಆ ಪಾತ್ರೆ ತೊಳೆಯಬೇಡಿ

ಊರೂಟ ಹಾಕಿಸುವವರು, ಅಡುಗೆ ಕಂಟ್ರಾಕ್ಟರುಗಳು, ಹಾಸ್ಟೆಲ್ ನಡೆಸುವವರು, ಜಾತ್ರಾ ಸಮಿತಿಯವರು, ಆರೋಗ್ಯ ಇಲಾಖೆಯವರು ಮತ್ತು ಎಲೆ ಮುಂದೆ ಕೂರುವ ಎಲ್ಲರ ಗಮನಕ್ಕೆ



ಪತ್ರಿಕೆಯ ಜಿಲ್ಲಾ ಪುಟ ಓದುವವರಿಗೆ ಈ ಸುದ್ದಿ ಬಾಯಿಪಾಠ: ‘ಕಲುಷಿತ ಆಹಾರ ಸೇವನೆ, ಹಲವರು ಅಸ್ವಸ್ಥ’. ಒಮ್ಮೆ ಬೀಗರೂಟ, ಒಮ್ಮೆ ಜಾತ್ರೆಯ ಅನ್ನಸಂತರ್ಪಣೆ, ಇನ್ನೊಮ್ಮೆ ವಿದ್ಯಾರ್ಥಿನಿಲಯ. ರಾತ್ರಿ ವಾಂತಿ-ಭೇದಿ ಶುರುವಾಯಿತು, ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ಶಾಸಕರು ಬಂದು ವಿಚಾರಿಸಿದರು, ವಾರ್ಡನ್ ಅಮಾನತಾದರು, ಎಲ್ಲರೂ ಪ್ರಾಣಾಪಾಯದಿಂದ ಪಾರು. ‘ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗಿದೆ’ ಎಂಬಲ್ಲಿಗೆ ಸುದ್ದಿ ಮುಗಿಯಿತು. ಪ್ರಯೋಗಾಲಯ ಏನು ಹೇಳಿತೆಂದು ನೀವು ಎಂದಾದರೂ ಓದಿದ್ದೀರಾ?

ಊಟದಿಂದ ಜನ ಕಾಯಿಲೆ ಬಿದ್ದಾಗ ನಮ್ಮಲ್ಲಿ ಚಿಕಿತ್ಸೆ ಸಿಗುತ್ತದೆ, ಯಾರಿಗೋ ಶಿಕ್ಷೆಯೂ ಆಗುತ್ತದೆ. ಕಾರಣ ಮಾತ್ರ ಸಿಗುವುದಿಲ್ಲ. ಕಾರಣ ಸಿಗದಿದ್ದರೆ ಅದೇ ಅಡುಗೆಮನೆಯಲ್ಲಿ ಅದೇ ತಪ್ಪು ಮುಂದಿನ ಲಗ್ನಕ್ಕೂ ನಡೆಯುತ್ತದೆ. ಇದರಲ್ಲಿ ಅರ್ಧ ತಪ್ಪು ಊರಿನದು: ಸಾಕ್ಷ್ಯವನ್ನು ನಾವೇ ತೊಳೆದು ಬೋರಲು ಹಾಕುತ್ತೇವೆ. ಇನ್ನರ್ಧ ಸರ್ಕಾರದ್ದು: ವರದಿ ಮೇಲಕ್ಕೆ ಹೋಗುತ್ತದೆ, ಊರಿಗೆ ಇಳಿದು ಬರುವುದಿಲ್ಲ. ಈ ಕರಪತ್ರ ಇವೆರಡನ್ನೂ ಕುರಿತದ್ದು.

ನಾಲ್ಕು ಜನ ವಾಂತಿ ಮಾಡಿದರು ಎಂಬ ಸುದ್ದಿ ಬಂದೊಡನೆ ಮಂಟಪದಲ್ಲಿ ಏನು ನಡೆಯುತ್ತದೆ? ಉಳಿದ ಸಾರು ಮೋರಿಗೆ, ಅನ್ನ ಗುಂಡಿಗೆ, ಹಂಡೆ-ಕೊಳಗಗಳು ನಲ್ಲಿಯ ಕೆಳಗೆ. ಯಾರೂ ಕೇಡು ಬಗೆದು ಹೀಗೆ ಮಾಡುವುದಿಲ್ಲ. ಕರೆದವರಿಗೆ ಮರ್ಯಾದೆಯ ಪ್ರಶ್ನೆ, ಅಡುಗೆಯವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಆದರೆ ಮರುದಿನ ಆಹಾರ ಸುರಕ್ಷತಾಧಿಕಾರಿ ಬರುವ ಹೊತ್ತಿಗೆ ಅವರಿಗೆ ಸಿಗುವುದು ಉಗ್ರಾಣದಲ್ಲಿ ಉಳಿದ ಅಕ್ಕಿ, ಬೇಳೆ, ಎಣ್ಣೆ ಪ್ಯಾಕೆಟ್ಟು. ಅವುಗಳಲ್ಲಿ ದೋಷವಿಲ್ಲವೆಂದು ವರದಿ ಬರುತ್ತದೆ. ಜನರ ಹೊಟ್ಟೆ ಕೆಡಿಸಿದ್ದು ಬೇಯಿಸಿದ ಮೇಲೆ ನಾಲ್ಕೈದು ಗಂಟೆ ಸುಮ್ಮನೆ ಇಟ್ಟಿದ್ದ ಪದಾರ್ಥವಾಗಿದ್ದರೆ, ಹಸಿ ಅಕ್ಕಿಯಲ್ಲಿ ಏನು ಸಿಕ್ಕೀತು?

ಮತ್ತೆ ನಮ್ಮ ಹಳೆಯ ಆರೋಪಿ ಇದ್ದೇ ಇದೆ: ಹಲ್ಲಿ. ಸಾಂಬಾರಿನಲ್ಲಿ ಹಲ್ಲಿ ಬಿದ್ದಿತ್ತು ಎಂದರೆ ಎಲ್ಲರಿಗೂ ಸಮಾಧಾನ. ಮನೆಯ ಗೋಡೆಯ ಮೇಲಿನ ಹಲ್ಲಿಗೆ ವಿಷವಿಲ್ಲ. ಅದರ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು ನಿಜ, ಆದರೆ ಕೊತಕೊತ ಕುದಿಯುವ ಸಾಂಬಾರಿನಲ್ಲಿ ಅದು ಬದುಕುವುದಿಲ್ಲ. ಹಲ್ಲಿ ಬಿದ್ದ ಅಡುಗೆ ಹೇಸಿಗೆಯದು, ಚೆಲ್ಲಬೇಕಾದದ್ದೇ. ಆದರೆ ತನಿಖೆಗೆ ಬಾಗಿಲು ಹಾಕಲು ಅದರಷ್ಟು ಅನುಕೂಲದ ಪ್ರಾಣಿ ಬೇರೊಂದಿಲ್ಲ.

ಕಾಯಿಲೆ ಯಾವ ಹೊತ್ತಿಗೆ ಶುರುವಾಯಿತು ಎಂಬುದೇ ಅರ್ಧ ಉತ್ತರ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿಯೇ ಜೋರಾಗಿದ್ದರೆ ಅನುಮಾನ ಎರಡು ರೋಗಾಣುಗಳ ಮೇಲೆ. ಒಂದು, ಸ್ಟ್ಯಾಫಿಲೊಕಾಕಸ್. ಅಡುಗೆಯವರ ಕೈಗಾಯದಿಂದಲೋ ಮೂಗಿನಿಂದಲೋ ಖೋವಾ, ಪಾಯಸದಂಥವಕ್ಕೆ ಇಳಿಯುತ್ತದೆ. ಅದು ಬಿಟ್ಟ ನಂಜು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಇನ್ನೊಂದು, ಬ್ಯಾಸಿಲಸ್ ಸೀರಿಯಸ್. ಬೆಳಿಗ್ಗೆ ಬಸಿದು ಸಂಜೆಯವರೆಗೆ ರಾಶಿ ಹಾಕಿಟ್ಟ ಅನ್ನ ಅದರ ತವರು. ಎಂಟರಿಂದ ಹದಿನಾರು ಗಂಟೆ ಕಳೆದು ಹೊಟ್ಟೆ ನುಲಿದು ಭೇದಿಯಾದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇರಬಹುದು. ದೊಡ್ಡ ಹಂಡೆಯಲ್ಲಿ ಮಾಡಿ ನಿಧಾನವಾಗಿ ಆರಲು ಬಿಟ್ಟ ಮಾಂಸದ ಸಾರಿನಲ್ಲಿ ಅದು ಹೆಚ್ಚುತ್ತದೆ. ಅರ್ಧ ದಿನದಿಂದ ಒಂದೂವರೆ ದಿನ ಕಳೆದು ಜ್ವರದ ಜೊತೆ ಭೇದಿಯಾದರೆ ಸಾಲ್ಮೊನೆಲ್ಲಾ. ಒಂದಕ್ಕೆ ಮದ್ದು ಗಾಯಗೊಂಡ ಕೈಯನ್ನು ಅಡುಗೆಯಿಂದ ದೂರವಿಡುವುದು, ಇನ್ನೊಂದಕ್ಕೆ ಸಾರನ್ನು ಚಿಕ್ಕ ಪಾತ್ರೆಗಳಿಗೆ ಹಂಚಿ ಬೇಗ ತಣಿಸುವುದು, ಮತ್ತೊಂದಕ್ಕೆ ಕೋಳಿ-ಮೊಟ್ಟೆ ಚೆನ್ನಾಗಿ ಬೇಯಿಸುವುದು. ಯಾವುದೆಂದು ತಿಳಿಯದೆ ‘ಶುಚಿತ್ವ ಕಾಪಾಡಿ’ ಎಂದು ಸುತ್ತೋಲೆ ಹೊರಡಿಸಿದರೆ ಯಾರೂ ಏನನ್ನೂ ಬದಲಿಸುವುದಿಲ್ಲ.

ತನಿಖೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೊ ಎಂಬ ಜಿಲ್ಲೆಯಲ್ಲಿ ಚರ್ಚಿನ ಊರೂಟ ನಡೆಯಿತು. ಮನೆಮನೆಯಿಂದ ಅಡುಗೆ ತಂದಿದ್ದರು. ಅಂದೇ ರಾತ್ರಿ ವಾಂತಿ. ಮರುದಿನ ಸುದ್ದಿ ಮುಟ್ಟಿತು, ಅಧಿಕಾರಿಗಳು ಬಂದು 75 ಮಂದಿಯನ್ನು ಕೂರಿಸಿ ಏನೇನು ತಿಂದಿರೆಂದು ಒಂದೊಂದಾಗಿ ಬರೆದುಕೊಂಡರು. ಕಾಯಿಲೆ ಬಿದ್ದವರು 46. ವೆನಿಲಾ ಐಸ್‌ಕ್ರೀಂ ತಿಂದ 54 ಮಂದಿಯಲ್ಲಿ 43 ಜನ ಕಾಯಿಲೆ ಬಿದ್ದಿದ್ದರು, ತಿನ್ನದ 21 ಮಂದಿಯಲ್ಲಿ ಮೂವರು ಮಾತ್ರ. ಬೇರೆ ಯಾವ ಪದಾರ್ಥದಲ್ಲೂ ಇಷ್ಟು ಅಂತರವಿರಲಿಲ್ಲ. ಕಾಗದ, ಪೆನ್ಸಿಲ್ಲು, ಕೂಡಿ ಕಳೆಯುವ ಲೆಕ್ಕ. ನೆನಪಿಡಿ, ಕಾಯಿಲೆ ಬೀಳದವರನ್ನೂ ಕೇಳಿದ್ದರಿಂದ ಇದು ಗೊತ್ತಾಯಿತು. ನಮ್ಮಲ್ಲಿ ಆಸ್ಪತ್ರೆಯ ಮಂಚದ ಮೇಲಿರುವವರನ್ನು ಮಾತ್ರ ಕೇಳುತ್ತಾರೆ. ಅವರೆಲ್ಲರೂ ಅನ್ನ ತಿಂದಿರುತ್ತಾರೆ, ಆದ್ದರಿಂದ ಅನ್ನದ ಮೇಲೆ ಅನುಮಾನ. ಕಾಯಿಲೆ ಬೀಳದವರೂ ಅನ್ನ ತಿಂದಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಅಡುಗೆಯವರ ವಿಷಯ. ಕಾಯಿಲೆ ಹರಡಿದ ದಿನ ಅಡುಗೆಯವರನ್ನು ಠಾಣೆಗೆ ಎಳೆಯುವುದು, ಅಡುಗೆ ಸಹಾಯಕಿಯನ್ನು ಕೆಲಸದಿಂದ ತೆಗೆಯುವುದು ನಮ್ಮ ರೂಢಿ. ಯಾವ ಹೊತ್ತಿಗೆ ಒಲೆ ಹಚ್ಚಿದರು, ಯಾವಾಗ ಇಳಿಸಿದರು, ಹಾಲು ಎಲ್ಲಿಂದ ಬಂತು, ಯಾರ ಬೆರಳಿಗೆ ಗಾಯವಾಗಿತ್ತು – ಇವೆಲ್ಲ ಗೊತ್ತಿರುವುದು ಅವರೊಬ್ಬರಿಗೇ. ಹೆದರಿಸಿದರೆ ಬಾಯಿ ಕಟ್ಟುತ್ತದೆ. ಅವರ ಮಾತಿಗೆ ಎಷ್ಟು ಬೆಲೆಯೆಂಬುದಕ್ಕೆ ಒಂದು ಉದಾಹರಣೆ ನೋಡಿ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಸೋಂಕು ಹರಡಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಧಿಕಾರಿಗಳು ಅವಸರಪಟ್ಟು ಸ್ಪೇನಿನ ಸೌತೆಕಾಯಿಯ ಹೆಸರು ಹೇಳಿಬಿಟ್ಟರು, ಅಲ್ಲಿನ ರೈತರು ನೆಲಕಚ್ಚಿದರು. ಆಮೇಲೆ ನೋಡಿದರೆ ಮೂಲ ಮೊಳಕೆ ಬಂದ ಮೆಂತ್ಯ, ಅದೂ ಈಜಿಪ್ಟಿನಿಂದ ಬಂದ ಬೀಜ. ರೋಗಿಗಳಿಗೆ ಮೊಳಕೆ ತಿಂದ ನೆನಪೇ ಇರಲಿಲ್ಲ, ಏಕೆಂದರೆ ತಟ್ಟೆಯ ಮೇಲೆ ಅಲಂಕಾರಕ್ಕೆ ಉದುರಿಸಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕೋಸಂಬರಿಯ ಮೇಲಿನ ಕೊತ್ತಂಬರಿ ಸೊಪ್ಪನ್ನು ನಾವು ನೆನಪಿಟ್ಟುಕೊಳ್ಳುತ್ತೇವೆಯೇ? ತನಿಖೆಯವರು ಕೊನೆಗೆ ಹೋದದ್ದು ಹೋಟೆಲಿನ ಬಾಣಸಿಗರ ಬಳಿಗೆ. ಯಾವ ತಟ್ಟೆಗೆ ಏನೇನು ಬೀಳುತ್ತದೆಂದು ಅವರು ಹೇಳಿದ ಮೇಲೆ ಗಂಟು ಬಿಚ್ಚಿತು.

ನಮ್ಮ ದೇಶದ ಉದಾಹರಣೆ ಇದಕ್ಕಿಂತ ಕಹಿ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕವಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯಾಕೆ ಮೊದಲೇ ಹೇಳಿದ್ದಳು, ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಊಟ ಉಂಡು ಆಕೆಯೂ ಆಸ್ಪತ್ರೆ ಸೇರಿದಳು. ಅದೇ ಮೊನೊಕ್ರೊಟೊಫಾಸ್ 2018ರ ಡಿಸೆಂಬರ್ 14ರಂದು ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಪ್ರಸಾದದಲ್ಲೂ ಸಿಕ್ಕಿತು. 17 ಮಂದಿ ತೀರಿಕೊಂಡರು. ಅಲ್ಲಿ ಬೆರೆಸಿದ್ದು ಮನುಷ್ಯರೇ ಎಂಬುದು ಪೊಲೀಸರ ಆರೋಪ. ರೋಗಾಣುವೋ, ಮರೆವೋ, ದ್ವೇಷವೋ ಎಂದು ಬೇರ್ಪಡಿಸಿ ಹೇಳಬೇಕಾದರೂ ಬೇಕಾದದ್ದು ಅದೇ ಉಳಿದ ಒಂದು ಹಿಡಿ ಊಟ. ಕೀಟನಾಶಕವಾದರೆ ಕೊಡುವ ಔಷಧವೇ ಬೇರೆ, ಆದ್ದರಿಂದ ವೈದ್ಯರಿಗೂ ಆ ಹಿಡಿ ಬೇಕು.

ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಲಿಸ್ಟೀರಿಯಾ ಸೋಂಕು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ 200ಕ್ಕೂ ಹೆಚ್ಚು ಮಂದಿ ಸತ್ತರು. ಮೂಲ ಸಿಗದೆ ಒಂದು ವರ್ಷ ಕಳೆದಿತ್ತು. 2018ರ ಜನವರಿಯಲ್ಲಿ ಜೊಹಾನ್ಸ್‌ಬರ್ಗ್‌ನ ಬಾರಾಗ್ವಾನಾಥ್ ಆಸ್ಪತ್ರೆಗೆ ಒಂದೇ ಶಿಶುವಿಹಾರದ ಹಲವು ಮಕ್ಕಳು ಬಂದರು. ವೈದ್ಯರು ಅನುಮಾನಪಟ್ಟು ಸುದ್ದಿ ಮುಟ್ಟಿಸಿದರು. ಆರೋಗ್ಯ ನಿರೀಕ್ಷಕರು ಹೋಗಿ ಆ ಶಿಶುವಿಹಾರದ ಫ್ರಿಜ್ಜಿನಲ್ಲಿದ್ದ ಪೊಲೋನಿ ಎಂಬ ಮಾಂಸದ ತಿನಿಸನ್ನು ತಂದರು. ಅಲ್ಲಿಂದ ದಾರಿ ನೇರ ಒಂದು ಕಾರ್ಖಾನೆಗೆ. ಆ ಫ್ರಿಜ್ಜನ್ನು ಯಾರೋ ಗಾಬರಿಯಲ್ಲಿ ಖಾಲಿ ಮಾಡಿದ್ದರೆ?

ಹೀಗೆ ಅದೃಷ್ಟಕ್ಕೆ ಬಿಡುವ ಬದಲು ನಿಯಮ ಮಾಡಿದ ದೇಶ ಜಪಾನ್. 1996ರಲ್ಲಿ ಸಕಾಯ್ ನಗರದಲ್ಲಿ ಶಾಲೆಯ ಊಟದಿಂದ ಏಳು ಸಾವಿರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದ ಮೇಲೆ, ಮರುವರ್ಷವೇ ದೊಡ್ಡ ಅಡುಗೆಮನೆಗಳಿಗೆ ಕೈಪಿಡಿ ಬಂತು. ಪ್ರತಿ ಕಚ್ಚಾ ಪದಾರ್ಥ, ಪ್ರತಿ ಅಡುಗೆಯಿಂದ 50 ಗ್ರಾಂನಷ್ಟು ತೆಗೆದು, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಂಪಿನಲ್ಲಿ ಎರಡು ವಾರ ಇಡಬೇಕು. ಏನೂ ಆಗದಿದ್ದರೆ ಎಸೆಯಬಹುದು.

ನಮ್ಮ ಹಾಸ್ಟೆಲು, ಬಿಸಿಯೂಟದ ಅಡುಗೆಮನೆ, ದಾಸೋಹ ಭವನ, ಕಲ್ಯಾಣ ಮಂಟಪಗಳಲ್ಲಿ ಇದು ಆಗದ ಮಾತೇ? ಊಟ ಬಡಿಸುವ ಮೊದಲು, ಕುದಿನೀರಿನಲ್ಲಿ ಅದ್ದಿ ಒಣಗಿಸಿದ ಮುಚ್ಚಳದ ಡಬ್ಬಿಗೆ ಪ್ರತಿ ಅಡುಗೆಯಿಂದಲೂ ಒಂದು ಸೌಟು. ಮೇಲೆ ದಿನಾಂಕ, ಹೊತ್ತು. ಫ್ರಿಜ್ಜಿನಲ್ಲಿ ಕನಿಷ್ಠ ಮೂರು ದಿನ. ಎರಡು ಸಾವಿರ ಜನಕ್ಕೆ ಎಲೆ ಹಾಕುವವರಿಗೆ ಹತ್ತು ಡಬ್ಬಿ ಭಾರವಲ್ಲ. ಇದನ್ನು ಮಾಡದ ಮನೆಯಲ್ಲೂ, ಜನ ಕಾಯಿಲೆ ಬಿದ್ದರೆಂದು ತಿಳಿದೊಡನೆ ಉಳಿದದ್ದನ್ನು ಮುಚ್ಚಿ, ಮಕ್ಕಳು-ನಾಯಿಗಳಿಗೆ ಸಿಗದಂತೆ ತಂಪಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಐಸ್ ತುಂಬಿದ ಥರ್ಮೊಕೋಲ್ ಪೆಟ್ಟಿಗೆಯಾದರೂ ಆದೀತು. ರೋಗಾಣು ಪರೀಕ್ಷೆಗೆ ಹೋಗುವ ಮಾದರಿಗೆ ಫಾರ್ಮಾಲಿನ್ ಹಾಕಬಾರದು, ಹಾಕಿದರೆ ಹುಡುಕಬೇಕಾದ ರೋಗಾಣುವೇ ಸಾಯುತ್ತದೆ. ಮೊದಲು ರೋಗಿಗೆ ಓಆರ್‌ಎಸ್, ಆಸ್ಪತ್ರೆ, ಅದರಲ್ಲಿ ಎರಡು ಮಾತಿಲ್ಲ. ಹಾಗೆಯೇ ವೈದ್ಯರಲ್ಲಿ ವಿನಂತಿ: ಆಂಟಿಬಯೋಟಿಕ್ ಕೊಡುವ ಮೊದಲು ನಾಲ್ಕಾರು ರೋಗಿಗಳ ಮಲದ ಮಾದರಿ ತೆಗೆಯಿರಿ. ಔಷಧ ಹೋದ ಮೇಲೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯದೆ ಹೋಗಬಹುದು.

ಈಗ ಸರ್ಕಾರದ ಕಡೆಗೆ. ವ್ಯವಸ್ಥೆ ಇಲ್ಲವೆಂದು ನಾವು ಹೇಳುತ್ತಿಲ್ಲ. ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ 2004ರಿಂದ ಇದೆ. ಜಿಲ್ಲೆಗೊಬ್ಬ ಸರ್ವೇಕ್ಷಣಾಧಿಕಾರಿ ಇದ್ದಾರೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದು, ಜಾರಿಗೆ ಬಂದದ್ದು 2011ರಲ್ಲಿ. ಅದರ 35ನೇ ಕಲಮಿನ ಪ್ರಕಾರ, ಆಹಾರ ಪ್ರಾಧಿಕಾರವು ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ವೈದ್ಯರು ತಮ್ಮ ಗಮನಕ್ಕೆ ಬಂದ ಪ್ರತಿ ಫುಡ್ ಪಾಯ್ಸನ್ ಪ್ರಕರಣವನ್ನೂ ವರದಿ ಮಾಡಬೇಕು. ಈ ಕಲಮು ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಕೆಲಸ ಮಾಡಬೇಕು, ಖಾಸಗಿ ಕ್ಲಿನಿಕ್ಕುಗಳೂ ಸೇರಿ. ಮದುವೆಗೆ ಬಂದವರು ರಾತ್ರಿ ಬಸ್ಸಿಗೆ ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರಿಗೆ ಚದುರುತ್ತಾರೆ. ಮರುದಿನ ಒಬ್ಬೊಬ್ಬರೂ ತಮ್ಮ ಬೀದಿಯ ಡಾಕ್ಟರ ಬಳಿ ಹೋಗಿ, ‘ಏನೋ ತಿಂದದ್ದು ಆಗಿಬರಲಿಲ್ಲ’ ಎನ್ನುತ್ತಾರೆ. ಹತ್ತು ಕ್ಲಿನಿಕ್ಕಿನ ಹತ್ತು ರೋಗಿಗಳನ್ನು ಒಂದು ಪಟ್ಟಿಗೆ ತರುವವರಿಲ್ಲದಿದ್ದರೆ ಆ ಮದುವೆಯಲ್ಲಿ ಏನೂ ನಡೆದೇ ಇಲ್ಲ ಎಂದಾಗುತ್ತದೆ.

ಕಾಯ್ದೆಯ 65ನೇ ಕಲಮು ಪರಿಹಾರದ್ದು: ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 5 ಲಕ್ಷ ರೂಪಾಯಿ, ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಉಳಿದಂತೆ 1 ಲಕ್ಷದವರೆಗೆ. ಯಾವ ಆಹಾರದಿಂದ ಆಯಿತೆಂದು ತೋರಿಸದೆ ಈ ಹಣ ಬರುವುದು ಹೇಗೆ? ಉಳಿಸಿಟ್ಟ ಡಬ್ಬಿ ಉಂಡವರನ್ನು ಕಾಯುತ್ತದೆ, ತಪ್ಪು ಮಾಡದ ಅಡುಗೆಯವರನ್ನೂ ಕಾಯುತ್ತದೆ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮಾದರಿ ತೆಗೆದು, ಪರೀಕ್ಷಿಸಿ, ಫಲಿತಾಂಶವನ್ನು ಸಚಿವರೇ ಜನರ ಮುಂದಿಟ್ಟರು. ಒಳ್ಳೆಯ ಕೆಲಸ. ಬಣ್ಣದ ಫಲಿತಾಂಶ ಹೇಳಬಹುದಾದರೆ ಹಾಸ್ಟೆಲಿನ ವಾಂತಿ-ಭೇದಿಯ ಫಲಿತಾಂಶ ಹೇಳಲು ಏನು ಅಡ್ಡಿ? ಹೆಸರು ಬಯಲಾದರೆ ಕ್ಯಾಟರಿಂಗ್‌ನವರು ಬೀದಿಗೆ ಬೀಳುತ್ತಾರೆಂದು ಕೆಲವರ ಆತಂಕ. ಸ್ಪೇನಿನ ಸೌತೆಕಾಯಿಯ ಕಥೆ ಗೊತ್ತಿರುವ ನಾವು ಅದನ್ನು ಅಲ್ಲಗಳೆಯುವುದಿಲ್ಲ. ನಮಗೆ ವ್ಯಕ್ತಿಯ ಹೆಸರು ಬೇಡ. ಯಾವ ರೋಗಾಣು, ಯಾವ ಪದಾರ್ಥ, ಎಲ್ಲಿ ಎಡವಿತು ಎಂಬ ಮೂರು ಸಾಲು, ಪರೀಕ್ಷೆ ಮುಗಿದ ಮೇಲೆ, ಪಂಚಾಯಿತಿಯ ಸೂಚನಾ ಫಲಕದಲ್ಲಿ ಬೇಕು.

ಕೇಳದೆ ಇದು ಬರುವುದಿಲ್ಲ. ನಿಮ್ಮ ಊರಿನಲ್ಲಿ ಇಂಥ ಪ್ರಕರಣ ನಡೆದಿದ್ದರೆ ಮಾಹಿತಿ ಹಕ್ಕಿನಡಿ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಹೀಗೆ ಬರೆದರೆ ಸಾಕು: ‘ನಮ್ಮ ಊರಿನಲ್ಲಿ ಈ ದಿನಾಂಕದಂದು ಊಟ ಮಾಡಿದವರು ಅಸ್ವಸ್ಥರಾದ ಪ್ರಕರಣದಲ್ಲಿ ಎಷ್ಟು ರೋಗಿಗಳ ಮಲದ ಮಾದರಿ, ಯಾವ ಯಾವ ಅಡುಗೆಯ ಮಾದರಿ, ಯಾವ ದಿನ ತೆಗೆಯಲಾಯಿತು? ಯಾವ ಪ್ರಯೋಗಾಲಯಕ್ಕೆ ಹೋಯಿತು? ವರದಿಯ ಪ್ರತಿ ಕೊಡಿ.’