ಹೆಸರಿನ ವಿಕ್ರಯ

೧೯೧೧ನೆಯ ಇಸವಿ ಜುಲೈ ೨೯ನೆಯ ತಾರೀಖು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಕ್ಲಬ್ಬಿನ ಹನ್ನೊಂದು ಮಂದಿ ಆಟಗಾರರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳನ್ನು ಎರಡು ಗೋಲಿಗೆ ಒಂದರಂತೆ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುಕೊಂಡರು. ಆ ಹನ್ನೊಂದು ಮಂದಿಯಲ್ಲಿ ಹತ್ತು ಜನರು ಬರಿಗಾಲಿನವರು. ಮೊದಲು ಹಿಂದೆ ಬಿದ್ದ ಆಟವನ್ನು ನಾಯಕರಾದ ಶಿವದಾಸ ಭಾದುಡಿಯವರು ಸಮಮಾಡಿದರು. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಅಭಿಲಾಷ ಘೋಷರು ಗೆಲುವಿನ ಗೋಲನ್ನು ಹೊಡೆದರು. ವಂಗಭಂಗದ ಗಾಯವು ಇನ್ನೂ ಮಾಯದಿದ್ದ ಕಾಲವದು. ಕಚೇರಿಯಲ್ಲಿ ದೊರೆಯ ಮುಂದೆ ತಲೆತಗ್ಗಿಸಿ ನಿಲ್ಲುತ್ತಿದ್ದ ಗುಮಾಸ್ತನು ಅಂದು ಸಂಜೆ ತಲೆಯೆತ್ತಿ ಮನೆಗೆ ನಡೆದನು. ೧೮೮೯ರಲ್ಲಿ ಹುಟ್ಟಿದ ಈ ಕ್ಲಬ್ಬಿನ ಹೆಸರು ಅಂದಿನಿಂದ ಅದರ ಸದಸ್ಯರ ಸೊತ್ತಾಗಿ ಮಾತ್ರ ಉಳಿಯದೆ, ರಾಷ್ಟ್ರದ ನೆನಪಿನ ಒಂದು ಭಾಗವಾಯಿತು.

ಇಂತಹ ಹೆಸರನ್ನು ಹಣಕ್ಕೆ ಒತ್ತೆಯಿಡಬಹುದೆ, ಇಡಬಹುದಾದರೆ ಅದನ್ನು ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆಯನ್ನು ನಾವು ಇಂದು ವಾಚಕರ ಮುಂದಿಡಬಯಸುತ್ತೇವೆ.

ಒತ್ತೆಯಿಡುವ ಪದ್ಧತಿಯು ಹೊಸದಲ್ಲ. ೧೯೯೮ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹವು ಕಲ್ಕತ್ತೆಯ ಎರಡು ಹಿರಿಯ ಕ್ಲಬ್ಬುಗಳಿಗೂ ಹಣವೊದಗಿಸಲು ಮುಂದೆ ಬಂದಿತು. ಅದರ ಫಲವಾಗಿ ಒಂದು ಮೆಕ್‌ಡೊವೆಲ್ ಮೋಹನ್ ಬಾಗಾನ್ ಆಯಿತು, ಮತ್ತೊಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಆಯಿತು. ಬಹುಕಾಲದ ವೈರವನ್ನು ಸಾಧಿಸಿಕೊಂಡು ಬಂದ ಎರಡು ತಂಡಗಳನ್ನು ಒಂದೇ ಮದ್ಯದ ಉಗ್ರಾಣವು ಪೋಷಿಸಿದ ವಿಚಿತ್ರವನ್ನು ಬಂಗಾಳದ ಜನರು ಹೇಗೋ ಸಹಿಸಿಕೊಂಡರು. ೧೯೨೦ರಲ್ಲಿ ಸ್ಥಾಪಿತವಾದ ಈಸ್ಟ್ ಬೆಂಗಾಲಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ೨೦೧೮ರಲ್ಲಿ, ಇದೂ ಬೆಂಗಳೂರಿನದೇ ಆದ, ಕೆಲಸಗಾರರನ್ನು ಒದಗಿಸುವ ಕ್ವೆಸ್ ಕಂಪೆನಿಯ ಹೆಸರು ಅದರ ಹಣೆಗೆ ಬಿದ್ದಿತು. ೨೦೨೦ರಲ್ಲಿ ಶ್ರೀ ಸಿಮೆಂಟಿನ ಎರಡು ಅಕ್ಷರಗಳು ಬಂದವು. ೨೦೨೨ರಲ್ಲಿ ಇಮಾಮಿಯ ಸರದಿ. ಮದ್ಯ, ಆಳುಗಳು, ಸಿಮೆಂಟು, ತಲೆಗೆ ಹಚ್ಚುವ ತೈಲ! ಪೂರ್ವಬಂಗಾಳದಿಂದ ಮನೆಮಠಗಳನ್ನು ಬಿಟ್ಟು ಬಂದ ನಿರಾಶ್ರಿತರು ತಮ್ಮದೆಂದು ಹೇಳಿಕೊಳ್ಳಲು ಉಳಿಸಿಕೊಂಡಿದ್ದ ಹೆಸರಿಗೆ ಇಪ್ಪತ್ತೈದು ವರ್ಷಗಳೊಳಗೆ ಇಷ್ಟು ಅಂಗಡಿಗಳ ಫಲಕಗಳು ತಗುಲಿಕೊಂಡವು.

ಮೋಹನ್ ಬಾಗಾನಿನ ಪ್ರಕರಣವು ಇದಕ್ಕಿಂತ ಗಂಭೀರವಾದುದು. ೨೦೨೦ರ ಜನವರಿಯಲ್ಲಿ ಆರ್.ಪಿ. ಸಂಜೀವ್ ಗೋಯೆಂಕಾ ಸಮೂಹವು ಕ್ಲಬ್ಬಿನ ಕಾಲ್ಚೆಂಡು ಕಂಪೆನಿಯ ನೂರಕ್ಕೆ ಎಂಬತ್ತು ಪಾಲನ್ನು ಕೊಂಡಿತು. ಇಂಡಿಯನ್ ಸೂಪರ್ ಲೀಗಿನಲ್ಲಿ ಆ ಸಮೂಹಕ್ಕೆ ಎ.ಟಿ.ಕೆ. ಎಂಬ ಬೇರೊಂದು ತಂಡವಿದ್ದಿತು. ೨೦೧೪ರಲ್ಲಿ ಹುಟ್ಟಿದ ಆ ತಂಡದ ಹೆಸರು ಮೊದಲಿಗೆ ಸ್ಪೇನ್ ದೇಶದ ಕ್ಲಬ್ಬೊಂದರಿಂದ ಎರವಲು ಬಂದುದು. ಆರು ವರ್ಷಗಳ ಈ ಕೂಸನ್ನು ನೂರಮೂವತ್ತು ವರ್ಷಗಳ ಹಿರಿಯನ ಹೆಗಲ ಮೇಲೆ ಕೂರಿಸಿ 'ಎ.ಟಿ.ಕೆ. ಮೋಹನ್ ಬಾಗಾನ್' ಎಂದು ನಾಮಕರಣ ಮಾಡಿದರು. ಹಸುರು ಮತ್ತು ಕಂದುಗೆಂಪು ಬಣ್ಣಗಳನ್ನೂ ಹಾಯಿದೋಣಿಯ ಲಾಂಛನವನ್ನೂ ಉಳಿಸಿದರೆಂಬುದು ನಿಜ. ಆದರೆ ಅಭಿಮಾನಿಗಳು ಇದರಿಂದ ಸಮಾಧಾನಗೊಳ್ಳಲಿಲ್ಲ. ಎ.ಟಿ.ಕೆ.ಯನ್ನು ತೆಗೆಯಿರಿ ಎಂಬ ಕೂಗನ್ನು ಅವರು ಬೀದಿಯಲ್ಲಿಯೂ ಕ್ರೀಡಾಂಗಣದಲ್ಲಿಯೂ ಬಿಡದೆ ಎತ್ತಿದರು. ತಂಡವು ಗೆದ್ದಾಗಲೂ ಆ ಕೂಗು ನಿಲ್ಲಲಿಲ್ಲವೆಂಬುದನ್ನು ಗಮನಿಸಬೇಕು. ಗೆಲುವನ್ನು ಕೊಟ್ಟರೆ ಜನರು ಮಿಕ್ಕುದನ್ನು ಮರೆಯುವರೆಂಬ ಲೆಕ್ಕಾಚಾರವು ಅಲ್ಲಿ ತಪ್ಪಿತು.

೨೦೨೩ರ ಮಾರ್ಚ್ ೧೮ರಂದು ಗೋವೆಯಲ್ಲಿ ಆ ಲೀಗಿನ ಅಂತಿಮ ಪಂದ್ಯ ನಡೆಯಿತು. ಎದುರಾಳಿಗಳು ನಮ್ಮ ಬೆಂಗಳೂರಿನವರೇ. ಆಟ ಎರಡೆರಡು ಗೋಲಿನಲ್ಲಿ ಸಮವಾಗಿ, ಪೆನಾಲ್ಟಿಯಲ್ಲಿ ಕಲ್ಕತ್ತೆಯವರು ಗೆದ್ದರು. ಒಡೆಯರು ಆ ಸಂಭ್ರಮದಲ್ಲಿಯೇ ಎ.ಟಿ.ಕೆ. ಎಂಬುದನ್ನು ಬಿಡುವೆವೆಂದು ಸಾರಿದರು. ಇದು ಅಭಿಮಾನಿಗಳ ಜಯವೆಂದು ಒಪ್ಪಲು ನಮಗೆ ಸಂತೋಷವೇ. ಆದರೆ ಎಡಗಡೆಯಿಂದ ಹೋದುದು ಬಲಗಡೆಯಿಂದ ಬಂದಿತು. ಈಗಿನ ಹೆಸರು 'ಮೋಹನ್ ಬಾಗಾನ್ ಸೂಪರ್ ಜಯಂಟ್'. ಈ ಬಾಲವು ಅದೇ ಒಡೆಯರ ಲಖನೌ ಕ್ರಿಕೆಟ್ ತಂಡದಿಂದ ತಂದು ಅಂಟಿಸಿದುದು. ಬರಿಗಾಲಿನಿಂದ ಗೋರಾ ಪಲ್ಟಣವನ್ನು ಸೋಲಿಸಿದವರಿಗೆ ದೈತ್ಯರೆಂಬ ಬಿರುದನ್ನು ಬೇರೆಯಾಗಿ ಕೊಡಬೇಕಾಗಿದ್ದಿತೆ?

ನಾವು ಧನಿಕರ ದ್ವೇಷಿಗಳಲ್ಲ. ಆಟಗಾರರ ಸಂಬಳ, ತರಬೇತುದಾರರ ವೇತನ, ದೇಶದ ಈ ಮೂಲೆಯಿಂದ ಆ ಮೂಲೆಗೆ ಪ್ರಯಾಣದ ಖರ್ಚು, ಇವು ಸದಸ್ಯರ ವಂತಿಗೆಯಿಂದ ನಡೆಯುವ ಕಾಲ ಹೋಯಿತು. ಹಣ ತೊಡಗಿಸಿದವನು ಅಂಗಿಯ ಎದೆಯ ಮೇಲೆ ತನ್ನ ಗುರುತನ್ನು ಹಾಕಿಸಲಿ. ಬೇಲಿಯ ಸುತ್ತ ಜಾಹೀರಾತುಗಳನ್ನು ಕಟ್ಟಿಸಲಿ. ಒಪ್ಪಂದದ ಅವಧಿ ತೀರಿದೊಡನೆ ಇವು ಕಳಚಿ ಬೀಳುವುವು, ಯಾರ ಮನಸ್ಸೂ ನೋಯುವುದಿಲ್ಲ. ಕಂಪೆನಿಯ ಹೆಸರೆಲ್ಲವೂ ಅಪವಿತ್ರವೆಂದೂ ನಾವು ಹೇಳುವುದಿಲ್ಲ. ನಮ್ಮ ಬೆಂಗಳೂರಿನ ಎಚ್.ಎ.ಎಲ್. ಮತ್ತು ಐ.ಟಿ.ಐ. ತಂಡಗಳಿಗೆ ಕಾರ್ಖಾನೆಯ ಹೆಸರು ಸಹಜವಾಗಿ ಒಪ್ಪುತ್ತಿದ್ದಿತು, ಏಕೆಂದರೆ ಅವು ಹುಟ್ಟಿದ್ದು ಆ ಕಾರ್ಖಾನೆಗಳಲ್ಲಿಯೇ. ಹಾಲೆಂಡಿನ ಐಂಡ್‌ಹೋವನ್ ಪಟ್ಟಣದಲ್ಲಿ ೧೯೧೩ರಲ್ಲಿ ಸ್ಥಾಪಿತವಾದ ಕ್ಲಬ್ಬು ಫಿಲಿಪ್ಸ್ ದೀಪದ ಕಾರ್ಖಾನೆಯವರದು; ಅಲ್ಲಿಯ ಕ್ರೀಡಾಂಗಣದಿಂದ ಫಿಲಿಪ್ಸ್ ಎಂಬ ಹೆಸರನ್ನು ಕಿತ್ತರೆ ಅದೇ ಪರಂಪರೆಗೆ ಅಪಚಾರವಾದೀತು. ಹೆಸರು ಯಾರದೆಂಬುದಕ್ಕಿಂತ ಅದು ಅಲ್ಲಿಯೇ ಬೆಳೆದುದೆ, ಹೊರಗಿನಿಂದ ತಂದು ಮೆತ್ತಿದುದೆ ಎಂಬುದನ್ನು ನೋಡತಕ್ಕದ್ದು.

ಕ್ರೀಡಾಂಗಣಗಳ ವಿಷಯದಲ್ಲಿ ಆಂಗ್ಲರು ಪಟ್ಟ ಪಾಡು ಇದನ್ನು ಸ್ಪಷ್ಟಪಡಿಸುತ್ತದೆ. ಲಂಡನ್ನಿನ ಆರ್ಸೆನಲ್ ಕ್ಲಬ್ಬು ೨೦೦೬ರಲ್ಲಿ ಹಳೆಯ ಹೈಬರಿ ಮೈದಾನವನ್ನು ಬಿಟ್ಟು ಹೊಸ ಕ್ರೀಡಾಂಗಣಕ್ಕೆ ಹೋದಾಗ ಅದಕ್ಕೆ ಎಮಿರೇಟ್ಸ್ ವಿಮಾನ ಕಂಪೆನಿಯ ಹೆಸರನ್ನಿಟ್ಟರು. ಹೊಸ ಕಟ್ಟಡಕ್ಕೆ ಹಳೆಯ ಹೆಸರಿರಲಿಲ್ಲ; ಹೆಚ್ಚಿನ ಗದ್ದಲವೂ ಆಗಲಿಲ್ಲ. ನ್ಯೂಕ್ಯಾಸಲ್ ನಗರದಲ್ಲಿ ಹಾಗಾಗಲಿಲ್ಲ. ಅಲ್ಲಿಯ ಕ್ಲಬ್ಬು ೧೮೯೨ರಿಂದ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಆಡುತ್ತಿದ್ದಿತು. ೨೦೧೧ರ ನವೆಂಬರಿನಲ್ಲಿ ಕ್ಲಬ್ಬಿನ ಒಡೆಯರಾದ ಮೈಕ್ ಆಶ್ಲಿಯವರು ಅದಕ್ಕೆ ತಮ್ಮದೇ ಕ್ರೀಡಾಸಾಮಗ್ರಿಯ ಅಂಗಡಿಗಳ ಹೆಸರನ್ನು, ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ ಎಂದು, ಇಟ್ಟರು. ನಗರವೆಲ್ಲ ಕೆರಳಿತು. ಮರುವರ್ಷವೇ ಹಳೆಯ ಹೆಸರು ಮರಳಿತು. ಮರಳಿಸಿದವರು ವಾಂಗಾ ಎಂಬ, ದುಬಾರಿ ಬಡ್ಡಿಗೆ ಕೈಸಾಲ ಕೊಡುವ ಕಂಪೆನಿಯವರು. ಕ್ರೀಡಾಂಗಣದ ಹೆಸರಿನ ಹಕ್ಕನ್ನು ಕೊಂಡು, ಅದನ್ನು ಮೊದಲಿನಂತೆಯೇ ಕರೆಯಿರೆಂದರು. ಜನರ ನೆನಪನ್ನು ಒತ್ತೆಯಿಂದ ಬಿಡಿಸಿಕೊಡಲು ಸಾಹುಕಾರನೇ ಬರಬೇಕಾಯಿತೆಂಬುದು ನಗೆಪಾಟಲಿನ ಸಂಗತಿ. ೨೦೧೮ರಲ್ಲಿ ಆ ಕಂಪೆನಿಯೂ ಮುಳುಗಿತು. ಸೇಂಟ್ ಜೇಮ್ಸ್ ಪಾರ್ಕ್ ಉಳಿದಿದೆ. ಅದಕ್ಕೂ ಮೊದಲು, ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬು ದಿವಾಳಿಯ ಅಂಚಿಗೆ ಬಂದಿದ್ದ ೨೦೦೫ರಲ್ಲಿ ತನ್ನ ಕ್ರೀಡಾಂಗಣದ ಹೆಸರನ್ನು ವಿಮಾ ಕಂಪೆನಿಯೊಂದಕ್ಕೆ ಮಾರಿತು. ಮನೆ ಉಳಿಸಲು ತಾಳಿಯನ್ನು ಅಡವಿಡುವವರ ಮೇಲೆ ಯಾರೂ ಕಲ್ಲೆಸೆಯಲಾರರು. ನಮ್ಮ ಆಕ್ಷೇಪಣೆಯಿರುವುದು ಮನೆಯಲ್ಲಿ ಅನ್ನವಿದ್ದೂ ಅಡವಿಡುವವರ ಮೇಲೆ.

ಆಂಗ್ಲರು ಇದರಿಂದ ಪಾಠವನ್ನೂ ಕಲಿತರೆಂದು ಹೇಳಬೇಕು. ಹಲ್ ನಗರದ ಕ್ಲಬ್ಬಿನ ಒಡೆಯರು ತಂಡಕ್ಕೆ 'ಹಲ್ ಟೈಗರ್ಸ್' ಎಂಬ ಹೊಸ ಹೆಸರಿಡಲು ಹೊರಟಾಗ, ೨೦೧೪ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಘವು ಅನುಮತಿಯನ್ನು ನಿರಾಕರಿಸಿತು. ವೇಲ್ಸಿನ ಕಾರ್ಡಿಫ್ ಕ್ಲಬ್ಬಿನ ನೀಲಿ ಅಂಗಿಯನ್ನು ೨೦೧೨ರಲ್ಲಿ ಕೆಂಪಾಗಿಸಿದ ಒಡೆಯರು ೨೦೧೫ರಲ್ಲಿ ಜನರ ಒತ್ತಾಯಕ್ಕೆ ಮಣಿದು ಮತ್ತೆ ನೀಲಿಯನ್ನೇ ತಂದರು. ಕೊನೆಗೆ ೨೦೨೫ರಲ್ಲಿ ಪಾರ್ಲಿಮೆಂಟು ಈ ಆಟದ ಆಡಳಿತಕ್ಕಾಗಿ ಒಂದು ಕಾನೂನನ್ನೇ ಮಾಡಿ ಸ್ವತಂತ್ರ ನಿಯಾಮಕರನ್ನು ನೇಮಿಸಿತು. ಲಾಂಛನವನ್ನೂ ಅಂಗಿಯ ಬಣ್ಣವನ್ನೂ ಬದಲಿಸಬೇಕಾದರೆ ಅಭಿಮಾನಿಗಳ ಬಹುಮತ ಬೇಕು. ಮೈದಾನವನ್ನು ಮಾರಬೇಕಾದರೆ ನಿಯಾಮಕರ ಒಪ್ಪಿಗೆ ಬೇಕು. ವ್ಯಾಪಾರದ ಸ್ವಾತಂತ್ರ್ಯವನ್ನು ಜಗತ್ತಿಗೆಲ್ಲ ಬೋಧಿಸಿದ ದೇಶದಲ್ಲಿಯೇ ಹೀಗಾಗಿರುವುದು.

ನಮ್ಮಲ್ಲಿ ಹಣ ತೊಡಗಿಸಿದವರ ಇಚ್ಛೆ ಮುಂದೆ ನಡೆಯುತ್ತದೆ, ಜನರ ಮಾತು ಬೀದಿಗಿಳಿದು ಕೂಗಿದ ಮೇಲೆ ಕೇಳಿಸುತ್ತದೆ. ಕಂಪೆನಿಯ ಎಂಬತ್ತು ಪಾಲು ಕೈಸೇರಿದ ಮಾತ್ರಕ್ಕೆ ೧೯೧೧ರ ಎಂಬತ್ತು ಪಾಲೂ ಕೈಸೇರಿತೆಂದು ತಿಳಿಯುವುದು ತಪ್ಪು. ಅದು ಕ್ರಯಪತ್ರದಲ್ಲಿ ಬರೆದುಕೊಡಲು ಯಾರ ಬಳಿಯೂ ಇರಲಿಲ್ಲ. ದೇವಸ್ಥಾನದ ಧರ್ಮದರ್ಶಿಗೆ ಉತ್ಸವ ನಡೆಸುವ ಅಧಿಕಾರವಿದೆ. ದೇವರ ಹೆಸರನ್ನು ಬದಲಾಯಿಸುವ ಅಧಿಕಾರವಿಲ್ಲ.

ಕರ್ನಾಟಕದವರಿಗೆ ಇದೆಲ್ಲ ದೂರದ ಮಾತೆಂದು ಯಾರೂ ಭಾವಿಸಬಾರದು. ೧೯೩೭ರಲ್ಲಿಯೂ ೧೯೩೮ರಲ್ಲಿಯೂ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರನ್ನು ನಮ್ಮ ನಗರದ ಎಷ್ಟು ಮಂದಿ ತರುಣರು ಬಲ್ಲರು? ಪಲ್ಟಣಗಳ ತಂಡಗಳೇ ಮೆರೆಯುತ್ತಿದ್ದ ಆ ಪಂದ್ಯಾವಳಿಯನ್ನು ಗೆದ್ದ ಮೊದಲನೆಯ ದೇಶೀಯ ನಾಗರಿಕ ತಂಡವದು. ಆ ಹೆಸರನ್ನು ಯಾರೂ ಕೊಳ್ಳಲಿಲ್ಲ, ನಾವೇ ಮರೆತೆವು. ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿನ ಒಡೆಯರು ಉಕ್ಕಿನ ವ್ಯಾಪಾರಿಗಳಾದರೂ ತಂಡಕ್ಕೆ ಊರಿನ ಹೆಸರನ್ನೇ ಇಟ್ಟಿರುವುದು ಶ್ಲಾಘನೀಯ. ಅದನ್ನು ಮುಂದೆಯೂ ಹಾಗೆಯೇ ಉಳಿಸಿಕೊಳ್ಳಲಿ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನವರು ಕ್ಲಬ್ಬುಗಳಿಗೆ ಪರವಾನಗಿ ಕೊಡುವಾಗ ಮೈದಾನ, ಲೆಕ್ಕಪತ್ರ, ತರಬೇತುದಾರರ ಅರ್ಹತೆ ಮುಂತಾದ ಅನೇಕ ಷರತ್ತುಗಳನ್ನು ವಿಧಿಸುತ್ತಾರೆ. ಇಪ್ಪತ್ತೈದು ವರ್ಷ ಮೀರಿದ ಕ್ಲಬ್ಬಿನ ಹೆಸರು, ಬಣ್ಣ, ಲಾಂಛನಗಳಿಗೆ ಏನನ್ನು ಸೇರಿಸಬೇಕಾದರೂ, ತೆಗೆಯಬೇಕಾದರೂ, ನೋಂದಾಯಿತ ಸದಸ್ಯರ ಬಹುಮತವನ್ನು ಗುಪ್ತಮತದಿಂದ ಪಡೆಯತಕ್ಕದ್ದೆಂಬ ಒಂದು ಷರತ್ತನ್ನು ಅವುಗಳ ಜೊತೆಗೆ ಸೇರಿಸಲು ಯಾವ ಅಡ್ಡಿಯಿದೆ? ಸರಕಾರದ ಕ್ರೀಡಾಂಗಣಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೂ ನಮ್ಮದೊಂದು ಬಿನ್ನಹವಿದೆ. ಹೆಸರಿನ ಹಕ್ಕನ್ನು ಕೊಳ್ಳಲು ಯಾರಾದರೂ ಬಂದರೆ, ಕರಾರು ಆಗುವ ಮೊದಲೇ ಅದರ ಅವಧಿ ಮತ್ತು ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗಾಗಿ ಒಂದು ತಿಂಗಳ ಕಾಲಾವಕಾಶವನ್ನು ಕೊಡಲಿ.