ಬಿತ್ತನೆ ಮುಗಿದ ಮೇಲೆ ಬಿದ್ದ ದುಡ್ಡು

"ಸರ್ಕಾರ ಬಿಟ್ಟಿ ದುಡ್ಡು ಹಂಚಿ ರೈತರನ್ನ ಸೋಮಾರಿ ಮಾಡಿಬಿಡ್ತು" ಎಂಬುದು ಬಸ್ ಸ್ಟ್ಯಾಂಡ್ ಹೋಟೆಲುಗಳಲ್ಲಿ ಕಾಫಿ ಜೊತೆ ಪುಕ್ಕಟೆ ಸಿಗುವ ಮಾತು. "ಅಷ್ಟೂ ಕೊಡದಿದ್ರೆ ಬದುಕೋದು ಹೆಂಗೆ?" ಎಂಬುದು ಪಕ್ಕದ ಮೇಜಿನ ಜವಾಬು. ಎರಡೂ ಮೇಜಿನವರು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಆ ದುಡ್ಡು ಯಾವ ತಾರೀಖಿಗೆ ಬರುತ್ತೆ?

ಪಾವಗಡ, ಸಿರಾ, ಮಧುಗಿರಿ ಕಡೆಯ ಎರಡೆಕರೆ ಸಂಸಾರವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆ ನಂಬಿದ ಬೇಸಾಯ. ಒಂದೆಕರೆ ರಾಗಿ, ಒಂದೆಕರೆ ಕಡಲೆಕಾಯಿ. ರಾಗಿ ಮನೆಯ ಹೊಟ್ಟೆಗೆ, ಕಡಲೆಕಾಯಿ ಸಾಲದ ಹೊಟ್ಟೆಗೆ. ಇಂಥವರು ಒಬ್ಬಿಬ್ಬರಲ್ಲ. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿಯೇ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ. ಸರಾಸರಿಯ ಕೆಳಗಿರುವವರ ಪಾಡು ಬೇರೆ ಹೇಳಬೇಕಿಲ್ಲ.

ಎರಡು ಸಾವಿರದ ಲೆಕ್ಕ

ಕೇಂದ್ರದ ಪಿಎಂ ಕಿಸಾನ್ ಯೋಜನೆ ಶುರುವಾಗಿದ್ದು 2019ರ ಫೆಬ್ರವರಿಯಲ್ಲಿ. ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಯಡಿಯೂರಪ್ಪನವರ ಸರ್ಕಾರ ಇದಕ್ಕೆ ರಾಜ್ಯದಿಂದ 4,000 ಸೇರಿಸಿತು. 2023ರಲ್ಲಿ ಸರ್ಕಾರ ಬದಲಾಯಿತು, ಆ 4,000 ನಿಂತಿತು. ಕೇಂದ್ರದ್ದು 2019ರಲ್ಲೂ 6,000, 2025ರಲ್ಲೂ 6,000. ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನಬಹುದು. ಆದರೆ ಎರಡೆಕರೆಯವನಿಗೆ ಹೊತ್ತಿಗೆ ಸಿಕ್ಕ ಎರಡು ಸಾವಿರ ಸಣ್ಣದಲ್ಲ.

ಹೇಗೆ? ಡಿಎಪಿ ಒಂದು ಚೀಲಕ್ಕೆ 1,350. ಯೂರಿಯಾ 45 ಕೆಜಿ ಚೀಲ 266 ರೂಪಾಯಿ 50 ಪೈಸೆ, ಎರಡಕ್ಕೆ 533. ಒಟ್ಟು 1,883. ಎರಡು ಸಾವಿರದ ಕಂತು ಮುಂಗಾರಿಗೆ ಮುಂಚೆ ಕೈಗೆ ಬಂದರೆ ಗೊಬ್ಬರ ಮನೆ ಸೇರುತ್ತೆ, ಮೇಲೆ 117 ರೂಪಾಯಿ ಉಳಿಯುತ್ತೆ. ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ.

ಬರದಿದ್ದರೆ? ಮಳೆ ಕಾಯೋದಿಲ್ಲ. ಕೈಸಾಲ ತರಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂತಿಟ್ಟರೂ ಎರಡು ತಿಂಗಳಿಗೆ 120. ಉಳಿಯಬೇಕಿದ್ದ 117 ಹೋಗಿ ಮೂರು ರೂಪಾಯಿ ಮೈಮೇಲೆ. ಸರ್ಕಾರದ ದುಡ್ಡು ಬಂದ ದಿನ ಅದು ರೈತನದಲ್ಲ, ಸಾಲ ಕೊಟ್ಟವನದು.

ತಾರೀಖಿನ ಆಟ

ವರ್ಷದ ಮೊದಲ ಕಂತು ಏಪ್ರಿಲ್‌ನಿಂದ ಜುಲೈ ಒಳಗೆ ಬರಬೇಕು ಎಂಬುದು ನಿಯಮ. ಬಂದದ್ದು ಯಾವಾಗ ನೋಡಿ. 2021ರಲ್ಲಿ ಮೇ 14. 2022ರಲ್ಲಿ ಮೇ 31. 2023ರಲ್ಲಿ ಜುಲೈ 27. 2024ರಲ್ಲಿ ಜೂನ್ 18. 2025ರಲ್ಲಿ ಆಗಸ್ಟ್ 2. ದೊಡ್ಡ ಸಭೆ, ಗುಂಡಿ ಒತ್ತುವ ಸಮಾರಂಭ, ಟೀವಿಯಲ್ಲಿ ಚಪ್ಪಾಳೆ. ಅಷ್ಟರಲ್ಲಿ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಕಾಲ.

"ಏನಪ್ಪಾ, ದುಡ್ಡು ಬಿತ್ತಾ?"

"ಇನ್ನೂ ಇಲ್ಲ ಶೆಟ್ರೇ, ಈ ವಾರ ಬೀಳ್ತದಂತೆ."

ಜೂನ್ ತಿಂಗಳಲ್ಲಿ ಗೊಬ್ಬರದ ಅಂಗಡಿ ಮುಂದೆ ಈ ಮಾತು ಕೇಳದ ದಿನವಿಲ್ಲ. ಇದರಲ್ಲಿ ಅಂಗಡಿಯವರದೂ ತಪ್ಪಿಲ್ಲ. ಅವರೂ ಮೇಲಿನ ವ್ಯಾಪಾರಿಗೆ ದುಡ್ಡು ಕಟ್ಟಬೇಕು. ಬರುವ ದಿನ ಗೊತ್ತಿದ್ದರೆ ಸಾಲ ಕೊಡೋದು ಸುಲಭ. ಗೊತ್ತಿಲ್ಲದಿದ್ದರೆ ಸಾಲದ ಪುಸ್ತಕದಲ್ಲಿ ದರ ಸ್ವಲ್ಪ ಏರುತ್ತೆ.

ಬರದ ದುಡ್ಡಿನ ಕಥೆ ಇನ್ನೂ ಸೊಗಸು. 2023ರ ಮುಂಗಾರು ಕೈಕೊಟ್ಟಿತು, ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಯಿತು. ರಾಜ್ಯ ಸರ್ಕಾರದ ಮೊದಲ ಕಂತು, ತಲಾ 2,000ದವರೆಗೆ, ಖಾತೆಗೆ ಬಿದ್ದದ್ದು 2024ರ ಜನವರಿಯಲ್ಲಿ. ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿದ್ದು ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹೆಂಗಸಿನ ಕೈಗೆ ಬಂದಾಗ

ಅದೇ ಮನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯೂ ಬರುತ್ತೆ. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000, ವರ್ಷಕ್ಕೆ 24,000. ಕಿಸಾನ್ ದುಡ್ಡಿನ ನಾಲ್ಕರಷ್ಟು. ಸರಿಯಾಗಿ ಬಂದ ತಿಂಗಳು ಎಣ್ಣೆ, ಬೇಳೆ, ಮಕ್ಕಳ ನೋಟ್‌ಬುಕ್ಕು ನಗದು ಕೊಟ್ಟು ತರಬಹುದು, ಕೂಲಿ ದುಡ್ಡಲ್ಲಿ ಒಂದಿಷ್ಟು ಬೇಸಾಯಕ್ಕೆ ಉಳಿಯುತ್ತೆ. ಆದರೆ ಇಲ್ಲೂ ಕಂತುಗಳು ತಿಂಗಳುಗಟ್ಟಲೆ ತಡವಾದದ್ದುಂಟು. ಆಗ ಆಕೆಯೂ ಶೆಟ್ಟರ ಪುಸ್ತಕಕ್ಕೇ ವಾಪಸು.

ಇನ್ನು ಸೋಮಾರಿತನದ ಮಾತು. ಮಧ್ಯಪ್ರದೇಶದ ಇಂದೋರ್ ಸುತ್ತಿನ ಹಳ್ಳಿಗಳಲ್ಲಿ 2011-12ರಲ್ಲಿ ಸೇವಾ ಸಂಘಟನೆ ಜನಕ್ಕೆ ತಿಂಗಳು ತಿಂಗಳು ನಗದು ಕೊಟ್ಟು ಪರೀಕ್ಷೆ ಮಾಡಿತು. ಕುಡಿತ ಹೆಚ್ಚಲಿಲ್ಲ. ಕೂಲಿಗೆ ಹೋಗುತ್ತಿದ್ದ ಸಣ್ಣ ರೈತರು ತಮ್ಮ ಹೊಲದಲ್ಲೇ ಹೆಚ್ಚು ದುಡಿದರು, ಬೀಜ ಗೊಬ್ಬರ ಕೊಂಡರು. ಆ ಜನಕ್ಕೆ ತಿಂಗಳು ತಿಂಗಳು ದುಡ್ಡು ಬರುವುದೆಂಬ ಭರವಸೆ ಇತ್ತು. ಲಾಭದ ಗುಟ್ಟು ಅಲ್ಲೂ ಇದೆ.

ಪಹಣಿಯಲ್ಲಿ ಇಲ್ಲದವನು

ಇನ್ನೊಂದು ಜಾತಿ ರೈತನಿದ್ದಾನೆ. ಪಕ್ಕದವರ ಹೊಲ ವಾರಕ್ಕೆ ಮಾಡುವವನು. ರಾಜ್ಯದಲ್ಲಿ 1974ರ ಭೂಸುಧಾರಣೆ ಬಳಿಕ ಗೇಣಿಗೆ ಕಾಗದವಿಲ್ಲ, ಎಲ್ಲ ಬಾಯಿಮಾತು. ಪಹಣಿಯಲ್ಲಿ ಹೆಸರಿಲ್ಲ, ಆದ್ದರಿಂದ ಕಿಸಾನ್ ದುಡ್ಡಿಲ್ಲ. ಬೆಂಗಳೂರಿನಲ್ಲಿ ಕೂತ ಜಮೀನಿನ ಯಜಮಾನನ ಖಾತೆಗೆ ಕಂತು ಬೀಳುತ್ತೆ, ನೇಗಿಲು ಹಿಡಿದವನ ಖಾತೆ ಖಾಲಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಮೊಮ್ಮಗನೂ ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆಯಬೇಕು. ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯಿತು.

ಕೊಡಬೇಕೋ ಬೇಡವೋ ಎಂಬ ಜಗಳ ಸಾಕು. ಮುಂಗಾರಿನ ಕಂತು ಮೇ ತಿಂಗಳ ಕೊನೆಯೊಳಗೆ ಎಂದು ನಿಗದಿಯಾಗಲಿ, ಗುಂಡಿ ಒತ್ತುವ ಸಮಾರಂಭ ಬೇಕಾದರೆ ಆಮೇಲೆ ಆಗಲಿ. ಗೃಹಲಕ್ಷ್ಮಿಗೂ ತಿಂಗಳಿಗೊಂದು ತಾರೀಖು ಇರಲಿ. ಸರ್ಕಾರಿ ನೌಕರರ ಸಂಬಳಕ್ಕೆ ದಿನ ಇದೆ, ಬ್ಯಾಂಕಿನ ಸಾಲದ ಕಂತಿಗೆ ದಿನ ಇದೆ. ಎರಡೆಕರೆಯವನ ಎರಡು ಸಾವಿರಕ್ಕೆ ಮಾತ್ರ ಯಾಕಿಲ್ಲ? ಉತ್ತರ ಹೇಳಬೇಕಾದವರು ಮುಂದಿನ ಚುನಾವಣೆಗೆ ಓಟು ಕೇಳಲು ಬರುತ್ತಾರೆ. ಅವರು ಬರುವ ತಾರೀಖು ಮಾತ್ರ ಎಂದೂ ತಪ್ಪೋದಿಲ್ಲ.